ವಯನಾಡಿನ ಕನ್ನಡ ಮನೆಗಳ ಲಗ್ನಪತ್ರಿಕೆ ಮತ್ತು ಮುದ್ರಣ ವಿಧಾನ

ಲಗ್ನಪತ್ರಿಕೆಯು ಇತಿಹಾಸಕಾರರ ಗಮನಕ್ಕೆ ಬರುವುದು ಅಪರೂಪ. ಮದುವೆ ಮುಗಿದೊಡನೆ ಅದರ ಆಯುಷ್ಯವೂ ಮುಗಿಯುತ್ತದೆ. ಗ್ರಂಥಾಲಯಗಳು ಅದನ್ನು ಕಾಯ್ದಿರಿಸುವುದಿಲ್ಲ. ಆದರೆ ಶಾಲೆ, ಕಚೇರಿ, ವೃತ್ತಪತ್ರಿಕೆಗಳ ವ್ಯವಹಾರವೆಲ್ಲ ಬಹುಸಂಖ್ಯಾತರ ಭಾಷೆಯಲ್ಲಿ ನಡೆಯುವ ಪ್ರದೇಶದಲ್ಲಿ, ಮನೆಮಾತು ಅಚ್ಚಿನ ರೂಪ ತಳೆಯುವ ಕೆಲವೇ ಸಂದರ್ಭಗಳಲ್ಲಿ ಮದುವೆಯ ಕರೆಯೋಲೆಯೂ ಒಂದು. ಆದ್ದರಿಂದ ಅದನ್ನು ಯಾವ ಭಾಷೆಯಲ್ಲಿ ಅಚ್ಚು ಹಾಕಿಸಲಾಯಿತು ಎಂಬ ಪ್ರಶ್ನೆಯೊಂದಿಗೆ ಯಾವ ವಿಧಾನದಲ್ಲಿ ಹಾಕಿಸಲಾಯಿತು ಎಂಬುದನ್ನೂ ಕೇಳಬೇಕಾಗುತ್ತದೆ. ವಯನಾಡಿನ ಮಟ್ಟಿಗೆ ಈ ಎರಡು ಪ್ರಶ್ನೆಗಳು ಬಹುಕಾಲ ಒಂದೇ ಆಗಿದ್ದವು.

ವಯನಾಡಿನ ಕನ್ನಡ ಪರಂಪರೆ ಹಳೆಯದು. ಕಲ್ಪಟ್ಟ, ಪನಮರಂ, ಮಾನಂದವಾಡಿ, ಸುಲ್ತಾನ್ ಬತ್ತೇರಿಗಳ ಸುತ್ತ ನೆಲೆಸಿದ ಜೈನ ಗೌಡ ಮನೆತನಗಳ ಮೂಲ ಕರ್ನಾಟಕದ್ದು. ಬತ್ತೇರಿಗೆ ಇದ್ದ ‘ಹನ್ನೆರಡು ಬೀದಿ’ ಎಂಬ ಹಳೆಯ ಹೆಸರು, ಅಲ್ಲಿನ ಕಲ್ಲಿನ ಬಸದಿ, ಕಲ್ಪಟ್ಟದ ಬಳಿಯ ಪುಳಿಯಾರ್‌ಮಲೆಯ ಅನಂತನಾಥಸ್ವಾಮಿ ಬಸದಿಗಳು ಈ ನಂಟಿನ ಕುರುಹುಗಳು. ಬ್ರಿಟಿಷರ ಆಳ್ವಿಕೆಯಲ್ಲಿ ವಯನಾಡು ಮದರಾಸು ಪ್ರಾಂತದ ಮಲಬಾರ್ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೇರಳದ ಭಾಗವಾಯಿತು. 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾಯಿತು. ಕಾಸರಗೋಡಿನ ಕನ್ನಡಿಗರಿಗಿದ್ದಂತೆ ಕನ್ನಡ ಶಾಲೆ, ಪತ್ರಿಕೆ, ಮುದ್ರಣಾಲಯಗಳ ಒಂದು ಜಾಲ ಇಲ್ಲಿನವರಿಗೆ ಒದಗಲಿಲ್ಲ.

ವಿಪರ್ಯಾಸವೆಂದರೆ ಕನ್ನಡ ಮತ್ತು ಮಲಯಾಳಂ ಮುದ್ರಣಗಳ ಆರಂಭದ ಚರಿತ್ರೆ ಒಂದೇ ಮನೆಯದು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಿತು. ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಕಲ್ಲಚ್ಚಿನಲ್ಲಿ. ಹರ್ಮನ್ ಗುಂಡರ್ಟ್ 1847ರಲ್ಲಿ ತಲಶೇರಿಯಿಂದ ಹೊರಡಿಸಿದ ‘ರಾಜ್ಯಸಮಾಚಾರಂ’ ಕೂಡ ಕಲ್ಲಚ್ಚಿನದೇ. ಕಲ್ಲಚ್ಚಿಗೆ ಲಿಪಿಭೇದವಿಲ್ಲ. ಬರೆಯುವ ಕೈ ಏನನ್ನು ಬರೆಯಬಲ್ಲುದೋ ಅದನ್ನು ಕಲ್ಲು ಮುದ್ರಿಸುತ್ತದೆ. ಮುಂದೆ ಅಚ್ಚುಮೊಳೆಗಳು ಬಂದ ಮೇಲೂ ಮಂಗಳೂರು ಎರಡೂ ಲಿಪಿಗಳ ಕೇಂದ್ರವಾಗಿತ್ತು. ಗುಂಡರ್ಟರ ಮಲಯಾಳಂ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಲ್ಲಿಂದಲೇ ಪ್ರಕಟವಾದವು.

ಸಣ್ಣ ಊರಿನ ಮುದ್ರಣಾಲಯಕ್ಕೆ ಇಂಥ ಅನುಕೂಲವಿರಲಿಲ್ಲ. ಅಚ್ಚುಮೊಳೆಯ ಮುದ್ರಣದಲ್ಲಿ ಮೊಳೆಯಿಲ್ಲದ ಲಿಪಿ ಇಲ್ಲದಂತೆಯೇ ಸರಿ. ಕನ್ನಡಕ್ಕೆ ಮೂಲಾಕ್ಷರಗಳು ಮಾತ್ರ ಸಾಲವು. ಕಾಗುಣಿತದ ರೂಪಗಳು, ಒತ್ತಕ್ಷರಗಳು, ಅಂಕಿಗಳೆಲ್ಲ ಬೇಕು. ಶೀರ್ಷಿಕೆಗೊಂದು, ಒಡಲಿಗೊಂದು ಎಂದು ಕನಿಷ್ಠ ಎರಡು ಗಾತ್ರಗಳಲ್ಲಾದರೂ ಬೇಕು. ಮಲಯಾಳಂ ಕೆಲಸವನ್ನೇ ನಂಬಿದ ಮುದ್ರಕನು ವರ್ಷದ ಕೆಲವೇ ಮದುವೆಗಳಿಗಾಗಿ ಇಷ್ಟು ಸೀಸವನ್ನು ಕೊಂಡಿಡುವುದು ನಷ್ಟದ ಮಾತು. ಮೊಳೆ ದೊರೆತರೂ ಅದನ್ನು ಜೋಡಿಸಲು, ಕರಡು ತಿದ್ದಲು ಕನ್ನಡ ಬಲ್ಲವರು ಬೇಕು. ಮಲಯಾಳಂ ಲಿಪಿಯ ಸಂಕೀರ್ಣತೆಯೂ ಮುದ್ರಕರಿಗೆ ಭಾರವಾಗಿದ್ದುದರಿಂದಲೇ ಕೇರಳ ಸರ್ಕಾರ 1971ರಲ್ಲಿ ಲಿಪಿ ಸುಧಾರಣೆಯನ್ನು ಜಾರಿಗೆ ತಂದಿತೆಂಬುದನ್ನು ಇಲ್ಲಿ ನೆನೆಯಬಹುದು.

ಹೀಗಾಗಿ ಕನ್ನಡ ಮನೆಯ ಯಜಮಾನನ ಮುಂದಿದ್ದ ದಾರಿಗಳು ಎರಡು. ಬತ್ತೇರಿಯಿಂದ ಮುತ್ತಂಗ, ಗುಂಡ್ಲುಪೇಟೆಗಳ ಮಾರ್ಗವಾಗಿ ನೂರು ಕಿಲೋಮೀಟರಿಗೂ ದೂರದ ಮೈಸೂರಿನಲ್ಲಿ ಅಚ್ಚು ಹಾಕಿಸುವುದು ಒಂದು. ಹತ್ತಿರದ ಪೇಟೆಯಲ್ಲಿ ಮಲಯಾಳಂ ಇಲ್ಲವೆ ಇಂಗ್ಲಿಷಿನಲ್ಲಿ ಹಾಕಿಸುವುದು ಇನ್ನೊಂದು. ಲಗ್ನ ಗೊತ್ತಾದ ದಿನಕ್ಕೂ ಮುಹೂರ್ತಕ್ಕೂ ನಡುವೆ ಅವಧಿ ಕಡಿಮೆ. ಕರಡು ಹೋಗಿ ಬರುವಷ್ಟರಲ್ಲಿ ಹಂಚುವ ಕಾಲ ಮೀರುವ ಭಯವಿತ್ತು. ಕರೆಯಬೇಕಾದವರಲ್ಲಿ ನೆರೆಯ ಮಲಯಾಳಿಗಳೇ ಹೆಚ್ಚಿದ್ದಾಗ ಎರಡನೆಯ ದಾರಿ ಸಹಜವಾಗಿಯೇ ಸುಲಭವೆನಿಸುತ್ತದೆ.

ಲಿಪಿಯೊಡನೆ ಕಾಲಗಣನೆಯೂ ಬದಲಾಗುತ್ತದೆ. ಕನ್ನಡ ಲಗ್ನಪತ್ರಿಕೆಯ ವಾಡಿಕೆಯಲ್ಲಿ ಶಾಲಿವಾಹನ ಶಕ, ಸಂವತ್ಸರದ ಹೆಸರು, ಚಾಂದ್ರಮಾನ ಮಾಸ, ತಿಥಿ ಬರುತ್ತವೆ. ಮಲಯಾಳಂ ಕ್ಷಣಪತ್ರದಲ್ಲಿ ಕೊಲ್ಲವರ್ಷ ಮತ್ತು ಸೌರಮಾಸ. ಕೇರಳ ರಾಜ್ಯ ಹುಟ್ಟಿದ ದಿನ ಒಂದು ಲೆಕ್ಕದಲ್ಲಿ ದುರ್ಮುಖಿ ಸಂವತ್ಸರ, ಇನ್ನೊಂದರಲ್ಲಿ ಕೊಲ್ಲವರ್ಷ 1132ರ ತುಲಾಮಾಸ. ಅಚ್ಚಿನ ಅನುಕೂಲಕ್ಕಾಗಿ ಲಿಪಿಯನ್ನು ಬಿಟ್ಟ ಮನೆ ಕಾಲವನ್ನು ಹೇಳುವ ತನ್ನ ರೀತಿಯನ್ನೂ ಕ್ರಮೇಣ ಬಿಡುವ ಸಾಧ್ಯತೆ ಇದರಲ್ಲಿ ಅಡಗಿದೆ.

ಪರದೆ ಮುದ್ರಣ ಮತ್ತು ಆಫ್‌ಸೆಟ್ ವಿಧಾನಗಳು ಈ ಕಟ್ಟನ್ನು ಸಡಿಲಿಸಿದವು. ಎರಡರಲ್ಲಿಯೂ ಅಕ್ಷರವು ಚಿತ್ರವಾಗಿ ಯಂತ್ರವನ್ನು ಸೇರುತ್ತದೆ. ಕನ್ನಡ ಬಲ್ಲ ಹಿರಿಯರೊಬ್ಬರು ಸುಂದರವಾಗಿ ಬರೆದುಕೊಟ್ಟರೆ ಸಾಕು; ಆ ಲಿಪಿಯನ್ನೇ ಅರಿಯದ ಮುದ್ರಕನೂ ಅದನ್ನು ದಪ್ಪ ಕಾಗದದ ಮೇಲೆ ಬಂಗಾರದ ಬಣ್ಣದಲ್ಲಿ ಮೂಡಿಸಬಲ್ಲ. ಕೆಲವು ನೂರು ಪ್ರತಿಗಳಷ್ಟೇ ಬೇಕಾದವರಿಗೆ ಪರದೆ, ಸಾವಿರ ಮೀರಿದವರಿಗೆ ಆಫ್‌ಸೆಟ್ ಲಾಭದಾಯಕ. ಕಲ್ಲಚ್ಚಿನ ಲಿಪಿಸಮತೆ ಈ ಮೂಲಕ ಮರಳಿತೆನ್ನಬಹುದು.

ಗಣಕಯಂತ್ರದ ಮೊದಲ ಘಟ್ಟ ಪುನಃ ತೊಡಕನ್ನು ತಂದಿತು. ಕನ್ನಡದ ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಸಿದ್ಧವಾದ ಕಡತವು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥಹೀನ ಚಿಹ್ನೆಗಳಾಗಿ ತೋರುತ್ತಿತ್ತು. ಕನ್ನಡ, ಮಲಯಾಳಂ ಎರಡೂ ಯುನಿಕೋಡಿನಲ್ಲಿ 1991ರಿಂದಲೇ ಇದ್ದರೂ ಅಚ್ಚಿನಂಗಡಿಯ ವಿನ್ಯಾಸ ತಂತ್ರಾಂಶಗಳು ಅದಕ್ಕೆ ಹೊಂದಿಕೊಂಡದ್ದು ಬಹಳ ತಡವಾಗಿ. ಇಂದು ಡಿಜಿಟಲ್ ಮುದ್ರಣದಲ್ಲಿ ಫಲಕದ ಖರ್ಚಿಲ್ಲ. ಬಂಧುಗಳಿಗೆ ಐವತ್ತು ಕನ್ನಡ ಪ್ರತಿ, ನೆರೆಯವರಿಗೆ ಮುನ್ನೂರು ಮಲಯಾಳಂ ಪ್ರತಿ ಎಂದು ವಿಂಗಡಿಸಿ ಹಾಕಿಸಲು ತಾಂತ್ರಿಕ ಅಡ್ಡಿ ಉಳಿದಿಲ್ಲ. ಆದರೆ ಈ ಸೌಲಭ್ಯ ಬಂದದ್ದು ಮಲಯಾಳಂ ಮಾಧ್ಯಮದಲ್ಲಿ ಓದಿ ಬೆಳೆದ ಹಲವು ತಲೆಮಾರುಗಳ ಬಳಿಕ. ಮನೆಯಲ್ಲಿ ಕನ್ನಡವಾಡುವವರೆಲ್ಲರೂ ಕನ್ನಡ ಓದಬಲ್ಲರೆಂದು ಭಾವಿಸುವಂತಿಲ್ಲ.

ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನಕ್ಕೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಮೊಳೆಯ ಕಾಲದ ಮಲಯಾಳಂ ಲಗ್ನಪತ್ರಿಕೆಯನ್ನು ಕಂಡು ಆ ಮನೆ ಕನ್ನಡವನ್ನು ತೊರೆದಿತ್ತೆಂದು ತೀರ್ಮಾನಿಸುವುದು ಅವಸರವಾದೀತು. ಅಲ್ಲಿ ಆಯ್ಕೆಯೇ ಇರಲಿಲ್ಲದಿರಬಹುದು. ಆಯ್ಕೆ ಮುಕ್ತವಾಗಿರುವ ಇಂದಿನ ಪತ್ರಿಕೆಯಲ್ಲಿ ಕನ್ನಡದ ಇರವು ಅಥವಾ ಇಲ್ಲದಿರುವಿಕೆ ಹೆಚ್ಚು ಖಚಿತವಾದ ಸಾಕ್ಷ್ಯ. ಆದ್ದರಿಂದ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಕರೆಯೋಲೆಗಳನ್ನು ಸಂಗ್ರಹಿಸುವಾಗ ಭಾಷೆ, ವರ್ಷಗಳ ಜೊತೆಗೆ ಮುದ್ರಣದ ವಿಧಾನ, ಕಾಲಗಣನೆಯ ಕ್ರಮ, ಅಂಚಿನಲ್ಲಿ ಅಚ್ಚಾಗಿರುವ ಮುದ್ರಣಾಲಯದ ಊರು ಇವನ್ನೂ ದಾಖಲಿಸುವುದು ಅಗತ್ಯ. ಎಷ್ಟೋ ಪತ್ರಿಕೆಗಳು ಈಗಾಗಲೇ ಒಲೆಗೆ, ಗೆದ್ದಲಿಗೆ ಸಂದಿವೆ. ಉಳಿದವು ಹಿರಿಯ ತಲೆಮಾರಿನ ವಶದಲ್ಲಿರುವಾಗಲೇ ಈ ಕೆಲಸ ಆಗಬೇಕಾಗಿದೆ.