ಹೈಬರ್ನೇಷನ್ ಅನಂತರದ ವೈ-ಫೈ ದೋಷ

ಲ್ಯಾಪ್‌ಟಾಪ್ ಗಣಕವನ್ನು ಹೈಬರ್ನೇಷನ್ ಸ್ಥಿತಿಯಿಂದ ಎಚ್ಚರಗೊಳಿಸಿದಾಗ, ಮೊದಲು ಸರಿಯಾಗಿದ್ದ ನಿಸ್ತಂತು ಜಾಲದ ಸಂಪರ್ಕವು ಮರಳಿ ದೊರೆಯದಿರುವುದನ್ನು ಹೈಬರ್ನೇಷನ್ ಅನಂತರದ ವೈ-ಫೈ ದೋಷ ಎನ್ನಬಹುದು. ಗಣಕವನ್ನು ರೀಸ್ಟಾರ್ಟ್ ಮಾಡಿದೊಡನೆ ಸಂಪರ್ಕ ಮರಳಿದರೆ, ದೋಷವು ಸಾಮಾನ್ಯವಾಗಿ ವೈ-ಫೈ ಕಾರ್ಡ್‌ನಲ್ಲಿರದೆ ಅದನ್ನು ನಡೆಸುವ ಚಾಲಕ ತಂತ್ರಾಂಶದಲ್ಲಿ (ಡ್ರೈವರ್) ಇರುತ್ತದೆ.

ಹಿನ್ನೆಲೆ

ಶೀತಪ್ರದೇಶದ ಕೆಲವು ಪ್ರಾಣಿಗಳು ಚಳಿಗಾಲವನ್ನು ಕಳೆಯುವ ದೀರ್ಘನಿದ್ರೆಯಿಂದ ಹೈಬರ್ನೇಷನ್ ಎಂಬ ಹೆಸರು ಗಣಕಕ್ಕೆ ಬಂದಿದೆ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಎಸಿಪಿಐ ಎಂಬ ಮಾನಕದಲ್ಲಿ ಗಣಕದ ವಿದ್ಯುತ್ ಸ್ಥಿತಿಗಳನ್ನು ನಿರೂಪಿಸಲಾಗಿದೆ. ಇದರಲ್ಲಿ ಎಸ್3 ಎಂಬುದು ನಿದ್ರೆಯ ಸ್ಥಿತಿ. ಆಗ ರ‍್ಯಾಮ್ ಸ್ಮೃತಿಗೆ ಮಾತ್ರ ಅಲ್ಪ ವಿದ್ಯುತ್ ಹರಿಯುತ್ತಿರುತ್ತದೆ. ಎಸ್4 ಎಂಬುದು ಹೈಬರ್ನೇಷನ್. ಈ ಸ್ಥಿತಿಯಲ್ಲಿ ರ‍್ಯಾಮ್‌ನಲ್ಲಿರುವ ಮಾಹಿತಿಯನ್ನು ಡಿಸ್ಕಿಗೆ ಬರೆದು ಗಣಕವು ಆರುತ್ತದೆ. ಮತ್ತೆ ಚಾಲೂ ಮಾಡಿದಾಗ ಆ ಮಾಹಿತಿಯನ್ನು ಓದಿಕೊಂಡು, ತೆರೆದಿದ್ದ ಕಡತಗಳನ್ನು ಇದ್ದಂತೆಯೇ ತೋರಿಸುತ್ತದೆ. ವಿಂಡೋಸ್‌ನಲ್ಲಿ ಈ ಮಾಹಿತಿಯನ್ನು ಅಡಗಿಸಿಟ್ಟ ಒಂದು ಕಡತದಲ್ಲಿಯೂ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸ್ವಾಪ್ ವಿಭಾಗದಲ್ಲಿಯೂ ಇರಿಸಲಾಗುತ್ತದೆ.

ಕಾರಣಗಳು

ಅನೇಕ ವೈ-ಫೈ ಕಾರ್ಡ್‌ಗಳು ತಮ್ಮ ಕಾರ್ಯಕ್ಕೆ ಬೇಕಾದ ಫರ್ಮ್‌ವೇರನ್ನು ಶಾಶ್ವತವಾಗಿ ಉಳಿಸಿಕೊಳ್ಳುವುದಿಲ್ಲ. ವಿದ್ಯುತ್ ದೊರೆತಾಗಲೆಲ್ಲ ಡ್ರೈವರ್ ಅದನ್ನು ಕಾರ್ಡ್‌ಗೆ ತುಂಬಬೇಕು. ಹೈಬರ್ನೇಷನ್‌ನಲ್ಲಿ ವಿದ್ಯುತ್ ಕಡಿದುಹೋಗುವುದರಿಂದ ಕಾರ್ಡ್ ತನ್ನ ಹಿಂದಿನ ಸ್ಥಿತಿಯನ್ನು ಮರೆಯುತ್ತದೆ. ಡ್ರೈವರ್ ಮಾತ್ರ ಡಿಸ್ಕಿನಿಂದ ಹಳೆಯ ನೆನಪಿನೊಡನೆ ಮರಳುತ್ತದೆ. ಆಗ ಡ್ರೈವರ್ ಕಾರ್ಡನ್ನು ಮತ್ತೆ ಮೊದಲಿನಿಂದ ಸಿದ್ಧಪಡಿಸಬೇಕು. ಈ ಹಂತ ವಿಫಲವಾದರೆ ಸಂಪರ್ಕ ದೊರೆಯುವುದಿಲ್ಲ.

ಕಾರ್ಡ್ ಸರಿಯಾಗಿ ಎಚ್ಚೆತ್ತರೂ ಬೇರೆ ಅಡ್ಡಿಗಳು ಬರಬಹುದು. ರೌಟರ್ ಡಿಎಚ್‌ಸಿಪಿ ಮೂಲಕ ನೀಡುವ ಐಪಿ ವಿಳಾಸಕ್ಕೆ ಅವಧಿಯ ಮಿತಿಯಿರುತ್ತದೆ. ದೀರ್ಘಕಾಲದ ನಿದ್ರೆಯಲ್ಲಿ ಅದು ಮುಗಿದಿರಬಹುದು. ಕಾಲೇಜು, ವಸತಿಗೃಹಗಳ ಜಾಲಗಳಲ್ಲಿ ಮತ್ತೊಮ್ಮೆ ಲಾಗಿನ್ ಮಾಡಬೇಕಾಗಬಹುದು.

ಲಕ್ಷಣಗಳು

ದೋಷದ ಸ್ಥಾನವನ್ನು ಮೂರು ಲಕ್ಷಣಗಳಿಂದ ಊಹಿಸಬಹುದು.
1. ವೈ-ಫೈ ಆಯ್ಕೆಯೇ ಕಾಣದಿದ್ದರೆ ಕಾರ್ಡ್ ಎಚ್ಚೆತ್ತಿಲ್ಲ ಅಥವಾ ಡ್ರೈವರ್ ಅದನ್ನು ಗುರುತಿಸಿಲ್ಲ.
2. ಆಯ್ಕೆ ಕಂಡರೂ ಯಾವ ಜಾಲವೂ ಕಾಣದಿದ್ದರೆ ಏರೋಪ್ಲೇನ್ ಮೋಡ್ ಅಥವಾ ರೇಡಿಯೋ ಸ್ವಿಚ್ಚನ್ನು ಮೊದಲು ನೋಡಬೇಕು.
3. ಸಂಪರ್ಕವಿದೆಯೆಂದು ತೋರಿಸಿದರೂ ಅಂತರಜಾಲ ತೆರೆಯದಿದ್ದರೆ ಐಪಿ ವಿಳಾಸವನ್ನು ಪರಿಶೀಲಿಸಬೇಕು. ಅದು 169.254 ಎಂದು ಆರಂಭವಾಗಿದ್ದರೆ ರೌಟರ್‌ನಿಂದ ವಿಳಾಸ ದೊರೆತಿಲ್ಲವೆಂದು ತಿಳಿಯಬಹುದು. ಅದೇ ಜಾಲದಲ್ಲಿರುವ ಮೊಬೈಲ್‌ಗೂ ಅಂತರಜಾಲ ದೊರೆಯದಿದ್ದರೆ ದೋಷವು ಲ್ಯಾಪ್‌ಟಾಪಿನದಲ್ಲ.

ಪರಿಹಾರ ಕ್ರಮ

ರೀಸ್ಟಾರ್ಟ್ ಸುಲಭ ಪರಿಹಾರವಾದರೂ, ಹೈಬರ್ನೇಷನ್ ಕಾಪಾಡಿದ ಉಳಿಸದ ಬರವಣಿಗೆ ಅದರಿಂದ ನಷ್ಟವಾಗಬಹುದು. ಆದ್ದರಿಂದ ತೆರೆದಿರುವ ಕಡತಗಳನ್ನು ಮೊದಲು ಉಳಿಸಿ, ಅನಂತರ ನಷ್ಟವಿಲ್ಲದ ಕ್ರಮಗಳಿಂದ ಆರಂಭಿಸುವುದು ಉಚಿತ.

ಮೊದಲಿಗೆ ವೈ-ಫೈಯನ್ನು ಆರಿಸಿ ಮತ್ತೆ ಹಚ್ಚಬೇಕು. ಫಲ ಕಾಣದಿದ್ದರೆ, ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನು ಒಮ್ಮೆ ನಿಷ್ಕ್ರಿಯಗೊಳಿಸಿ ಮತ್ತೆ ಸಕ್ರಿಯಗೊಳಿಸಬೇಕು. ಲಿನಕ್ಸ್‌ನಲ್ಲಿ ಡ್ರೈವರ್ ಮಾಡ್ಯೂಲನ್ನು ತೆಗೆದು ಮರಳಿ ಸೇರಿಸಿದರೆ ಇದೇ ಫಲ ದೊರೆಯುತ್ತದೆ. ಇವು ವಿಫಲವಾದಾಗ ರೀಸ್ಟಾರ್ಟ್ ಮಾಡಬಹುದು. ವಿಂಡೋಸ್ 10 ಮತ್ತು ಅನಂತರದ ಆವೃತ್ತಿಗಳಲ್ಲಿರುವ ನೆಟ್‌ವರ್ಕ್ ರೀಸೆಟ್ ಕೊನೆಯ ಉಪಾಯ. ಅದು ಉಳಿಸಿಟ್ಟ ವೈ-ಫೈ ಗುಪ್ತಪದಗಳನ್ನೂ ಅಳಿಸುವುದರಿಂದ ಅವುಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಶಟ್ ಡೌನ್ ಮತ್ತು ರೀಸ್ಟಾರ್ಟ್

ಗಣಕವನ್ನು ಆರಿಸಿ ಹಚ್ಚಿದರೂ ದೋಷ ಉಳಿಯುವುದಕ್ಕೆ ಒಂದು ಕಾರಣವಿದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ರೂಢಿಗೆ ಬಂತು. ಇದು ಸಕ್ರಿಯವಾಗಿರುವಾಗ ಶಟ್ ಡೌನ್ ಮಾಡಿದರೆ ಬಳಕೆದಾರನ ಕಾರ್ಯಕ್ರಮಗಳು ಮುಚ್ಚಿದರೂ, ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯು ಹೈಬರ್ನೇಷನ್‌ನಂತೆಯೇ ಡಿಸ್ಕಿಗೆ ಸೇರುತ್ತದೆ. ಹೀಗಾಗಿ ಹಳೆಯ ದೋಷವೂ ಮರಳಬಹುದು. ರೀಸ್ಟಾರ್ಟ್ ಮಾಡಿದಾಗ ಮಾತ್ರ ಡ್ರೈವರ್‌ಗಳು ಹೊಸದಾಗಿ ಆರಂಭವಾಗುತ್ತವೆ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್ ಡೌನ್ ಆಯ್ದರೂ ಗಣಕ ಪೂರ್ಣವಾಗಿ ಆರುತ್ತದೆ.

ಮುನ್ನೆಚ್ಚರಿಕೆ

ದೋಷ ಮರುಕಳಿಸುತ್ತಿದ್ದರೆ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಡ್ರೈವರನ್ನು ನವೀಕರಿಸಬೇಕು. ನವೀಕರಣದ ಬಳಿಕವೇ ದೋಷ ತಲೆದೋರಿದ್ದರೆ ಹಿಂದಿನ ಆವೃತ್ತಿಗೆ ಮರಳಬಹುದು. ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ವಿಭಾಗವಿದ್ದಲ್ಲಿ, ವಿದ್ಯುತ್ ಉಳಿತಾಯಕ್ಕಾಗಿ ಸಾಧನವನ್ನು ಆರಿಸುವ ಅನುಮತಿಯನ್ನು ತೆಗೆದು ಪರೀಕ್ಷಿಸಬಹುದು. ಹೈಬರ್ನೇಷನ್ನನ್ನೇ ರದ್ದುಪಡಿಸಿದರೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ, ಡಿಸ್ಕಿನಲ್ಲಿ ಜಾಗವೂ ಉಳಿಯುತ್ತದೆ. ಆದರೆ ಅನಂತರ ಲ್ಯಾಪ್‌ಟಾಪ್ ನಿದ್ರೆಯ ಸ್ಥಿತಿಯಲ್ಲಿರುವಾಗ ಬ್ಯಾಟರಿ ಬರಿದಾದರೆ, ಉಳಿಸದ ಕೆಲಸವೆಲ್ಲ ನಷ್ಟವಾಗುತ್ತದೆ.