ಮಂಗಳೂರಿನ ಎರಡು ರೈಲು ನಿಲ್ದಾಣಗಳು: ಪ್ರಯಾಣಿಕರು ತಿಳಿದಿರಬೇಕಾದ ವಿಷಯಗಳು

ಮಂಗಳೂರಿನಲ್ಲಿ ರೈಲು ತಪ್ಪಿಸಿಕೊಂಡವರನ್ನು ವಿಚಾರಿಸಿದರೆ ಹಲವರದ್ದು ಒಂದೇ ಕಥೆ: ಹೋದದ್ದು ಸಮಯಕ್ಕೆ ಸರಿಯಾಗಿ, ಆದರೆ ಬೇರೆ ನಿಲ್ದಾಣಕ್ಕೆ. ನಮ್ಮ ನಗರಕ್ಕೆ ಎರಡು ಮುಖ್ಯ ನಿಲ್ದಾಣಗಳಿವೆ. ಅವುಗಳ ನಡುವೆ ಐದಾರು ಕಿಲೋಮೀಟರ್ ಅಂತರವಿದೆ.

ಮಂಗಳೂರು ಸೆಂಟ್ರಲ್: ಕೇರಳದ ಕಡೆಯಿಂದ ನೇತ್ರಾವತಿ ದಾಟಿ ಬಂದ ರೈಲು ಮಾರ್ಗ 1907ರಲ್ಲಿ ಇಲ್ಲಿಗೆ ತಲುಪಿತು. ಹಳಿ ಇಲ್ಲಿಯೇ ಮುಗಿಯುತ್ತದೆ. ಚೆನ್ನೈ ಮತ್ತು ತಿರುವನಂತಪುರಕ್ಕೆ ಹೋಗುವ ಮಂಗಳೂರು ಮೇಲ್, ಮಾವೇಲಿ, ಮಲಬಾರ್ ಮುಂತಾದ ರೈಲುಗಳು ಇಲ್ಲಿಂದ ಹೊರಡುತ್ತವೆ. ಹಂಪನಕಟ್ಟೆ, ಮಿಲಾಗ್ರಿಸ್ ಇಗರ್ಜಿ ಹತ್ತಿರದಲ್ಲಿವೆ. ಉಡುಪಿ, ಕಾರ್ಕಳ ಕಡೆಯ ಖಾಸಗಿ ಬಸ್ಸುಗಳಿಗೆ ಸ್ಟೇಟ್ ಬ್ಯಾಂಕ್ ನಿಲ್ದಾಣ ಸುಮಾರು ಒಂದು ಕಿಲೋಮೀಟರ್. ಸರಕಾರಿ ಬಸ್ ನಿಲ್ದಾಣ ಬಿಜೈಯಲ್ಲಿದ್ದು, ಅಲ್ಲಿಗೆ ಸಿಟಿ ಬಸ್ ಅಥವಾ ಆಟೋ ಹಿಡಿಯಬೇಕು.

ಮಂಗಳೂರು ಜಂಕ್ಷನ್: ಇದು ಪಡೀಲಿನಲ್ಲಿದೆ. ಇದರ ಹಿಂದಿನ ಹೆಸರು ಕಂಕನಾಡಿ. ಹಿರಿಯರು ಈಗಲೂ ಹಾಗೆಯೇ ಕರೆಯುವುದರಿಂದ, ಫಾದರ್ ಮುಲ್ಲರ್ ಆಸ್ಪತ್ರೆಗೆ ಬರುವ ಪರವೂರಿನ ರೋಗಿಗಳು ನಿಲ್ದಾಣ ಆಸ್ಪತ್ರೆಯ ಪಕ್ಕದಲ್ಲೇ ಇದೆಯೆಂದು ತಿಳಿಯುವುದುಂಟು. ಆದರೆ ಆಸ್ಪತ್ರೆಯಿರುವ ಕಂಕನಾಡಿ ಇಲ್ಲಿಂದ ಕೆಲವು ಕಿಲೋಮೀಟರ್ ದೂರದಲ್ಲಿದೆ. ಸಿಟಿ ಬಸ್ಸಿಗೆ ಪಡೀಲಿನ ಮುಖ್ಯರಸ್ತೆಗೆ ನಡೆದು ಬರಬೇಕು. ಗಂಟುಮೂಟೆ ಇದ್ದವರಿಗೆ ಆಟೋ ಒಳ್ಳೆಯದು.

ಏಕೆ ಎರಡು? ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ತೆರೆದ ಮೇಲೆ ಕೇರಳದಿಂದ ಮುಂಬಯಿ, ದೆಹಲಿಗೆ ನೇರ ರೈಲುಗಳು ಓಡತೊಡಗಿದವು. ಅವು ಸೆಂಟ್ರಲ್‌ಗೆ ಬಂದರೆ ಎಂಜಿನನ್ನು ಇನ್ನೊಂದು ತುದಿಗೆ ಜೋಡಿಸಿ ಹಿಂದಿರುಗಬೇಕು. ಆದ್ದರಿಂದ ನೇತ್ರಾವತಿ, ಮಂಗಳಾ ಮೊದಲಾದ ರೈಲುಗಳು ಜಂಕ್ಷನ್‌ನಲ್ಲೇ ನಿಂತು ಮುಂದೆ ಸಾಗುತ್ತವೆ. ಮುಂಬಯಿಗೆ ಹೋಗುವವರು ವಿಶೇಷ ಗಮನ ಕೊಡಬೇಕು: ಮತ್ಸ್ಯಗಂಧ ಹೊರಡುವುದು ಸೆಂಟ್ರಲ್‌ನಿಂದ, ಸಿ.ಎಸ್.ಎಂ.ಟಿ. ರೈಲು ಜಂಕ್ಷನ್‌ನಿಂದ.

ಹಾಸನದ ಘಾಟಿ ಮಾರ್ಗ ಬ್ರಾಡ್‌ಗೇಜ್ ಆಗಿ, 2007ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಪ್ರಯಾಣಿಕರ ರೈಲು ಮತ್ತೆ ಆರಂಭವಾಯಿತು. ಆ ರೈಲುಗಳಲ್ಲಿಯೂ ಕೆಲವು ಸೆಂಟ್ರಲ್‌ನವು, ಕೆಲವು ಜಂಕ್ಷನ್‌ನವು.

ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ, ನೈರುತ್ಯ ರೈಲ್ವೆಯ ಮೈಸೂರು ವಿಭಾಗ ಮತ್ತು ಕೊಂಕಣ ರೈಲ್ವೆ ಮೂರೂ ಮಂಗಳೂರಿನ ಸುತ್ತ ಸಂಧಿಸುತ್ತವೆ. ಮಂಗಳೂರಿಗೇ ಪ್ರತ್ಯೇಕ ವಿಭಾಗ ಬೇಕೆಂಬ ಜನರ ಬೇಡಿಕೆ ಹಳೆಯದು.

ಧರ್ಮಕೇಂದ್ರಗಳಿಂದ ಯಾತ್ರೆ ಹೊರಡಿಸುವವರಲ್ಲಿ ನಮ್ಮ ವಿನಂತಿ ಇಷ್ಟೇ: ಪ್ರಕಟಣೆಯಲ್ಲಿ ಬರೇ 'ಮಂಗಳೂರು ರೈಲು ನಿಲ್ದಾಣ' ಎಂದು ಬರೆಯಬೇಡಿ. ಟಿಕೆಟಿನಲ್ಲಿ ಎಂ.ಎ.ಕ್ಯೂ. ಎಂದಿದ್ದರೆ ಸೆಂಟ್ರಲ್, ಎಂ.ಎ.ಜೆ.ಎನ್. ಎಂದಿದ್ದರೆ ಜಂಕ್ಷನ್. ಇದನ್ನು ವಯಸ್ಸಾದವರಿಗೆ ಮೊದಲೇ ಓದಿ ಹೇಳಿ.