ಚೌಡಾಪುರ ಭಾಗದ ನಿವಾಸಿಗಳಿಗೆ ಸ್ಥಳೀಯ ಆಡಳಿತ ಮತ್ತು ಕಾನೂನು ಮಾಹಿತಿ: ಯಾವ ದಾಖಲೆ ಎಲ್ಲಿದೆ, ಕೇಳುವುದು ಹೇಗೆ

ಅಫಜಲಪುರ ತಾಲೂಕಿನ ಚೌಡಾಪುರ ಹಾಗೂ ಸುತ್ತಲಿನ ಗ್ರಾಮಗಳ ನಿವಾಸಿಗಳು ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ. ಅರ್ಜಿಗಳು ವಿಳಂಬವಾಗಲು ಒಂದು ಮುಖ್ಯ ಕಾರಣವೆಂದರೆ ದಾಖಲೆ ಇರುವ ಕಚೇರಿ ಒಂದು, ಅರ್ಜಿದಾರರು ಹೋಗುವ ಕಚೇರಿ ಇನ್ನೊಂದು ಆಗಿರುವುದು. ದಿನದ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಅಷ್ಟರಲ್ಲಿ ಆಕ್ಷೇಪಣೆ ಅಥವಾ ಮೇಲ್ಮನವಿಯ ಅವಧಿ ಮುಗಿದಿದ್ದರೆ ಹಕ್ಕಿಗೇ ಧಕ್ಕೆಯಾಗುತ್ತದೆ.

ತಾಲೂಕು ಮತ್ತು ಹೆಸರು

ಈ ಭಾಗದ ಅನೇಕ ಕುಟುಂಬಗಳ ಜಮೀನು ನೆರೆಯ ಆಳಂದ ಅಥವಾ ಜೇವರ್ಗಿ ತಾಲೂಕಿನಲ್ಲಿಯೂ ಇರುವುದುಂಟು. ಕಂದಾಯ ದಾಖಲೆಯು ಅರ್ಜಿದಾರರು ವಾಸಿಸುವ ತಾಲೂಕಿನಲ್ಲಲ್ಲ, ಜಮೀನು ಇರುವ ತಾಲೂಕಿನಲ್ಲಿ ಇರುತ್ತದೆ. ಜೇವರ್ಗಿಯಿಂದ ಯಡ್ರಾಮಿ ಪ್ರತ್ಯೇಕ ತಾಲೂಕಾಗಿರುವುದನ್ನೂ ಗಮನಿಸತಕ್ಕದ್ದು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ ಎಂದಾಗಿದೆ. ಅದಕ್ಕೂ ಹಿಂದಿನ ಪ್ರಮಾಣ ಪತ್ರಗಳಲ್ಲಿ ಗುಲಬರ್ಗಾ ಎಂದಿದ್ದರೆ ಅದು ದೋಷವಲ್ಲ. ಅದನ್ನು ತಿದ್ದಿಸಲು ಅರ್ಜಿ ಸಲ್ಲಿಸುವ ಅವಶ್ಯಕತೆಯಿಲ್ಲ.

ಮನೆಯ ದಾಖಲೆ ಮತ್ತು ಹೊಲದ ದಾಖಲೆ

ಇವೆರಡರ ವ್ಯತ್ಯಾಸ ತಿಳಿದರೆ ಅರ್ಧ ಅಲೆದಾಟ ತಪ್ಪುತ್ತದೆ. ಗ್ರಾಮಠಾಣಾ ವ್ಯಾಪ್ತಿಯ ಮನೆ ಹಾಗೂ ನಿವೇಶನಗಳ ದಾಖಲೆ ಗ್ರಾಮ ಪಂಚಾಯತಿಯಲ್ಲಿರುತ್ತದೆ. ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು ನಮೂನೆ 11ನ್ನು ಪಂಚಾಯತಿಯೇ ನೀಡುತ್ತದೆ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಮನೆ ಕಂದಾಯದ ವಿಷಯಗಳಿಗೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನೇ ಸಂಪರ್ಕಿಸುವುದು.

ಹೊಲದ ಪಹಣಿ ಕಂದಾಯ ಇಲಾಖೆಯ ದಾಖಲೆ. ಭೂಮಿ ಯೋಜನೆಯಡಿ ಗಣಕೀಕೃತವಾದ ಪಹಣಿಯನ್ನು ನಾಡಕಚೇರಿಯಲ್ಲಿ ಅಥವಾ ಅಂತರ್ಜಾಲದಲ್ಲಿ ಪಡೆಯಬಹುದು. ಗಣಕೀಕರಣಕ್ಕೂ ಹಿಂದಿನ ಕೈಬರಹದ ಪಹಣಿ ಹಾಗೂ ಮ್ಯುಟೇಶನ್ ವಹಿಗಳಿಗೆ ತಹಶೀಲ್ದಾರರ ಕಚೇರಿಯ ರೆಕಾರ್ಡ್ ರೂಮಿನಿಂದ ದೃಢೀಕೃತ ನಕಲು ಕೋರಬೇಕು. ಅಳತೆಯ ಟಿಪ್ಪಣಿ, ಆಕಾರಬಂದ್ ಹಾಗೂ ನಕ್ಷೆ ಭೂಮಾಪನ ಇಲಾಖೆಯಲ್ಲಿರುತ್ತವೆ. ಕ್ರಯಪತ್ರದ ನಕಲು ಮತ್ತು ಋಣಭಾರ ಪ್ರಮಾಣ ಪತ್ರ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ದೊರೆಯುತ್ತವೆ.

ನಮ್ಮ ಭಾಗಕ್ಕೆ ವಿಶೇಷವಾದ ಒಂದು ತೊಡಕಿದೆ. ಈ ಪ್ರದೇಶವು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು, 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆ ಕಾಲದ ಹಲವು ಕಂದಾಯ ದಾಖಲೆಗಳು ಉರ್ದುವಿನಲ್ಲಿವೆ. ಅಜ್ಜ ಮುತ್ತಜ್ಜಂದಿರ ಹೆಸರಿನ ದಾಖಲೆ ಬೇಕಾದವರು ಮೊದಲು ಮೂಲದ ದೃಢೀಕೃತ ನಕಲು ಪಡೆದು, ಅನಂತರ ಭಾಷಾಂತರ ಮಾಡಿಸುವುದು ಸೂಕ್ತ. ಮೂಲದ ನಕಲು ಇಲ್ಲದೆ ಭಾಷಾಂತರವೊಂದನ್ನೇ ಹಾಜರುಪಡಿಸಿದರೆ ಅದಕ್ಕೆ ಬೆಲೆ ಬರುವುದಿಲ್ಲ.

ಜಮೀನಿನ ಹಕ್ಕು ಬದಲಾವಣೆಗೆ ಅರ್ಜಿ ಬಂದಾಗ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರನ್ವಯ ನೋಟಿಸು ಹೊರಡಿಸಲಾಗುತ್ತದೆ. ಅದರಲ್ಲಿ ತಿಳಿಸಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ವಿಶೇಷವಾಗಿ ದುಡಿಮೆಗಾಗಿ ಪುಣೆ, ಮುಂಬೈ, ಬೆಂಗಳೂರಿಗೆ ಹೋಗಿರುವ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ತಮ್ಮ ಪಹಣಿಯನ್ನು ತೆಗೆಸಿ ನೋಡುವುದು ಒಳ್ಳೆಯದು. ಮ್ಯುಟೇಶನ್ ಆದೇಶದಿಂದ ಬಾಧಿತರಾದವರು ಅಧಿನಿಯಮದ ಕಲಂ 136(2)ರಡಿ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಬಹುದು. ಸಂವಿಧಾನದ 371(ಜೆ) ಅನುಚ್ಛೇದದಡಿ ಪ್ರವೇಶ ಹಾಗೂ ನೇಮಕಾತಿಗೆ ಬೇಕಾಗುವ ಅರ್ಹತಾ ಪ್ರಮಾಣ ಪತ್ರವನ್ನು ನೀಡುವವರೂ ಸಹಾಯಕ ಆಯುಕ್ತರೇ. ಕೊನೆಯ ದಿನಾಂಕದ ವಾರದಲ್ಲಿ ಇದಕ್ಕಾಗಿ ಧಾವಿಸುವ ವಿದ್ಯಾರ್ಥಿಗಳು ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು.

ಕೇಳದೆಯೇ ದೊರೆಯಬೇಕಾದ ಮಾಹಿತಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರನ್ವಯ ವಾರ್ಡ್ ಸಭೆ ಹಾಗೂ ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಫಲಾನುಭವಿಗಳ ಆಯ್ಕೆ ಚರ್ಚೆಗೆ ಬರುವುದು ಈ ಸಭೆಗಳಲ್ಲಿಯೇ. ಸಭೆಗೆ ಬಾರದೆ, ಪಟ್ಟಿಯಲ್ಲಿ ಹೆಸರಿಲ್ಲವೆಂದು ಅನಂತರ ಕಚೇರಿಗೆ ಬರುವವರೇ ಹೆಚ್ಚು. ಪ್ರತಿ ವರ್ಷ ನಡೆಯುವ ಜಮಾಬಂದಿಯಲ್ಲಿ ಹಿಂದಿನ ವರ್ಷದ ಲೆಕ್ಕಪತ್ರ, ವೋಚರು ಹಾಗೂ ಕಾಮಗಾರಿಗಳನ್ನು ಸಾರ್ವಜನಿಕವಾಗಿ ಪರಿಶೀಲಿಸಲಾಗುತ್ತದೆ. ಲೆಕ್ಕ ಬಲ್ಲ ಯುವಕರು ನಗದು ಪುಸ್ತಕದ ನಮೂದನ್ನು ಸ್ಥಳದಲ್ಲಿರುವ ಕಾಮಗಾರಿಯೊಂದಿಗೆ ತಾಳೆ ಹಾಕಿ ನೋಡಬಹುದು.

ಸಕಾಲ

ಸಕಾಲ ಕಾಯ್ದೆ 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದೆ. ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟ ಕೂಡಲೇ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪತ್ರ ಪಡೆಯುವುದು ಅರ್ಜಿದಾರರ ಹಕ್ಕು. ಅವಧಿ ಮೀರಿದಲ್ಲಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಸ್ವೀಕೃತಿ ಸಂಖ್ಯೆ ಇಲ್ಲದಿದ್ದರೆ ಅರ್ಜಿ ಕೊಟ್ಟಿದ್ದಕ್ಕೇ ಪುರಾವೆ ಇರುವುದಿಲ್ಲ. ಇತರೆ ಕುಂದುಕೊರತೆಗಳಿಗೆ 1902 ಸಹಾಯವಾಣಿ ಇದೆ.

ಮಾಹಿತಿ ಹಕ್ಕು ಅರ್ಜಿ

ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಶುಲ್ಕ ರೂ. 10, ಬಡತನ ರೇಖೆಗಿಂತ ಕೆಳಗಿರುವವರು ದಾಖಲೆ ಲಗತ್ತಿಸಿದರೆ ಶುಲ್ಕವಿಲ್ಲ. ರಾಜ್ಯದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಮಾಹಿತಿ ಏಕೆ ಬೇಕೆಂದು ಕಾರಣ ತಿಳಿಸಬೇಕಾಗಿಲ್ಲ.

ಬಹಳಷ್ಟು ಅರ್ಜಿಗಳು ವಿಫಲವಾಗುವುದು ಪ್ರಶ್ನೆಯ ರೂಪದಿಂದ. "ನನಗೆ ಮನೆ ಏಕೆ ಮಂಜೂರಾಗಿಲ್ಲ?" ಎಂದು ಕೇಳಿದರೆ ಅದು ದೂರು, ಅದಕ್ಕೆ ಉತ್ತರಿಸುವ ದಾಖಲೆ ಕಡತದಲ್ಲಿ ಇಲ್ಲದಿರಬಹುದು. ಅದರ ಬದಲು, "ಫಲಾನುಭವಿಗಳನ್ನು ಆಯ್ಕೆ ಮಾಡಿದ ಗ್ರಾಮ ಸಭೆಯ ನಡವಳಿಯ ಪ್ರತಿ, ಆಯ್ಕೆ ಪಟ್ಟಿಯ ಪ್ರತಿ ಹಾಗೂ ನನ್ನ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಯ ಪ್ರತಿ ಒದಗಿಸಿ" ಎಂದು ಬರೆದರೆ ಕಾರಣ ತಾನಾಗಿಯೇ ತಿಳಿಯುತ್ತದೆ. ದಾಖಲೆಯ ಹೆಸರು, ವರ್ಷ ಮತ್ತು ಗ್ರಾಮವನ್ನು ಸ್ಪಷ್ಟವಾಗಿ ನಮೂದಿಸಬೇಕು. ಅನ್ಯರ ವೈಯಕ್ತಿಕ ಮಾಹಿತಿಯನ್ನು ಕಲಂ 8(1)(ಜೆ) ಅನ್ವಯ ನಿರಾಕರಿಸಬಹುದು.

ಅರ್ಜಿ ಬೇರೆ ಕಚೇರಿಗೆ ಸಂಬಂಧಿಸಿದ್ದರೆ ಅದನ್ನು 5 ದಿನಗಳೊಳಗೆ ವರ್ಗಾಯಿಸಬೇಕೆಂದು ಕಲಂ 6(3) ಹೇಳುತ್ತದೆ. ಉತ್ತರಕ್ಕೆ 30 ದಿನ. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಉತ್ತರ ಬಾರದಿದ್ದರೆ ನಿರಾಕರಣೆಯೆಂದೇ ಭಾವಿಸಿ, 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬೇಕು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ ಸಲ್ಲಿಸಬಹುದು. ಆಯೋಗದ ಪೀಠ ಕಲಬುರಗಿಯಲ್ಲಿಯೂ ಇದೆ.

ಕಾನೂನು ನೆರವು

ರಾಜ್ಯದ ಅಧಿನಿಯಮಗಳ ಪಾಠ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. ಅನೇಕ ಅಧಿನಿಯಮಗಳು ಕನ್ನಡದಲ್ಲಿಯೂ ಇವೆ. ನ್ಯಾಯಾಲಯದ ಆದೇಶದ ಪ್ರತಿಗೆ ಆಯಾ ನ್ಯಾಯಾಲಯದಲ್ಲಿಯೇ ನಕಲು ಅರ್ಜಿ ಸಲ್ಲಿಸಬೇಕು. ಉಚ್ಚ ನ್ಯಾಯಾಲಯದ ಕಲಬುರಗಿ ಪೀಠವು 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾಗಿದೆ.

ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರನ್ವಯ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು, ಬಂಧನದಲ್ಲಿರುವವರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿಗೆ ಅರ್ಹರು. ಇದಕ್ಕಾಗಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಕಲಬುರಗಿಯ ಜಿಲ್ಲಾ ಪ್ರಾಧಿಕಾರವನ್ನು ಸಂಪರ್ಕಿಸುವುದು, ದೂರವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದ ಪ್ರಕರಣಕ್ಕೆ ಮೇಲ್ಮನವಿ ಇರುವುದಿಲ್ಲ. ಆದಕಾರಣ ರಾಜಿ ಪತ್ರವನ್ನು ಪೂರ್ತಿಯಾಗಿ ಓದಿಸಿ ಕೇಳಿ, ಸರ್ವೆ ನಂಬರ್ ಮತ್ತು ವಿಸ್ತೀರ್ಣವನ್ನು ಪಹಣಿಯೊಂದಿಗೆ ಹೋಲಿಸಿ ನೋಡಿದ ನಂತರವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕತಕ್ಕದ್ದು.